ಎರಡು ಪುಟಕ್ಕೆ ಒಂದು ತಿಂಗಳೇಕೆ?

ಮಾನ್ಯರೇ,

ನಮ್ಮ ಚಿತ್ರಕಥೆ ಧಾರಾವಾಹಿ ತಿಂಗಳಿಗೆ ಎರಡೇ ಪುಟ ಬರುತ್ತಿರುವುದಕ್ಕೆ ಬೇಸರಪಟ್ಟು, ‘ಎಲ್ಲವೂ ಕಂಪ್ಯೂಟರಿನಲ್ಲೇ ಆಗುವ ಈ ಕಾಲದಲ್ಲಿ ಇಷ್ಟು ನಿಧಾನವೇಕೆ’ ಎಂದು ಸಾಗರದಿಂದ ಕೇಳಿದ್ದೀರಿ. ಕಳೆದ ಸಂಚಿಕೆಯಲ್ಲಿ ಆಷಾಢದ ಜಡಿಮಳೆಯ ನಡುವೆಯೇ ಅಂಗಳದಲ್ಲಿ ಅಡಿಕೆ ಒಣಗುತ್ತಿದ್ದುದನ್ನೂ ಎತ್ತಿ ತೋರಿಸಿದ್ದೀರಿ.

ನಮ್ಮ ಕಲಾವಿದರು ತೀರ್ಥಹಳ್ಳಿಯ ಸಮೀಪದ ತೋಟದ ಮನೆಯಲ್ಲಿದ್ದು ಕೆಲಸ ಮಾಡುತ್ತಾರೆ. ಕಥೆಯನ್ನು ಬೆರಳುದ್ದದ ಚೌಕಗಳಲ್ಲಿ ಗೀಚಿ, ಯಾವ ಮಾತು ಯಾವ ಚೌಕಕ್ಕೆ, ಪುಟ ತಿರುಗಿಸಿದೊಡನೆ ಕಣ್ಣಿಗೆ ಬೀಳಬೇಕಾದದ್ದು ಯಾವುದು ಎಂಬುದನ್ನು ನಿರ್ಧರಿಸುವುದಕ್ಕೇ ಅವರಿಗೆ ವಾರ ಹಿಡಿಯುತ್ತದೆ. ಮಾತಿನ ಗುಳ್ಳೆಗೂ ಆಗಲೇ ಜಾಗ ಬಿಡಬೇಕು. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ‘ರಾಷ್ಟ್ರ’ದಂಥ ಒಂದು ಶಬ್ದ ಬಂದರೆ ಸಾಕು, ಗುಳ್ಳೆ ಉಬ್ಬಿ ಪಾತ್ರದ ತಲೆಗೆ ತಾಗುತ್ತದೆ. ಆಮೇಲೆ ಪೆನ್ಸಿಲ್, ಅದರ ಮೇಲೆ ಶಾಯಿ. ಅಚ್ಚಿನಲ್ಲಿ ಗೆರೆಯ ಅಂಚು ಗರಗಸದ ಹಲ್ಲಿನಂತೆ ಕಾಣಬಾರದೆಂದು ಇಂಚಿಗೆ 600 ಚುಕ್ಕಿಗಳಂತೆ ಸ್ಕ್ಯಾನ್.

ಕಂಪ್ಯೂಟರಿನಲ್ಲಿ ಚಿತ್ರವು ಲೇಯರುಗಳಲ್ಲಿ, ಎಂದರೆ ಒಂದರ ಮೇಲೊಂದು ಹಾಸಿದ ಪಾರದರ್ಶಕ ಹಾಳೆಗಳಂಥ ಪದರಗಳಲ್ಲಿ, ಇರುತ್ತದೆ. ಗೆರೆಯ ಅಡಿಯ ಲೇಯರಿನಲ್ಲಿ ಹೆಂಚಿಗೊಂದು, ಅಂಗಿಗೊಂದು ಎಂದು ಬರಿಯ ಬಣ್ಣ ತುಂಬುವ ಕೆಲಸ ಬೇಗ ಮುಗಿಯುತ್ತದೆ. ತಡವಾಗುವುದು ನೆರಳಿನಲ್ಲಿ, ಅದಕ್ಕಿಂತಲೂ ಹಸಿರಿನಲ್ಲಿ. ಮಳೆಗಾಲದ ಮಲೆನಾಡಿನಲ್ಲಿ ಬೆಳಕು ಮೋಡದಿಂದ ಸೋಸಿ ಎಲ್ಲ ದಿಕ್ಕಿನಿಂದಲೂ ಬರುವುದರಿಂದ ನೆರಳಿಗೆ ಅಂಚೇ ಇರುವುದಿಲ್ಲ. ಅದನ್ನು ತೆಳುವಾಗಿ ಪದರ ಪದರವಾಗಿಯೇ ತರಬೇಕು. ಹಸಿರಿನ ಕಷ್ಟ ಬೇರೆಯದು. ಪರದೆಯು ಕೆಂಪು, ಹಸಿರು, ನೀಲಿ ಬೆಳಕುಗಳಿಂದ ಬಣ್ಣ ಕಟ್ಟುತ್ತದೆ. ಅಚ್ಚಿನಲ್ಲಿರುವುದು ಸಯಾನ್ (ಹಸಿರು ಬೆರೆತ ನೀಲಿ), ಮಜೆಂಟಾ (ನೇರಳೆಗೆಂಪು), ಹಳದಿ, ಕಪ್ಪು ಎಂಬ ನಾಲ್ಕು ಶಾಯಿಗಳು. ಪರದೆಯ ಮೇಲೆ ಹೊಳೆಯುವ ಸಸಿಮಡಿಯ ಎಳೆಹಸಿರನ್ನು ಈ ಶಾಯಿಗಳು ಮುಟ್ಟಲಾರವು. ಮೊದಲ ಕಂತು ಅಚ್ಚಾಗಿ ಬಂದಾಗ ತೋಟವೆಲ್ಲ ಪಾಚಿಗಟ್ಟಿದಂತೆ ಕಂಡು ನಮ್ಮಿಬ್ಬರಿಗೂ ಎರಡು ದಿನ ಊಟ ರುಚಿಸಲಿಲ್ಲ. ಅಂದಿನಿಂದ ಅವರು ಹಸಿರಿನ ಹೊಳಪಿನ ಆಸೆ ಬಿಟ್ಟು, ಪಕ್ಕದಲ್ಲಿ ಜಂಬಿಟ್ಟಿಗೆಯ ಕೆಂಪನ್ನೋ ಕಂಬಳಿಯ ಕಪ್ಪನ್ನೋ ಇಟ್ಟು ಅದು ಎದ್ದು ಕಾಣುವಂತೆ ಮಾಡುತ್ತಾರೆ. ಯಾವುದರ ಪಕ್ಕ ಯಾವುದು ಎಂಬುದನ್ನು ಚೌಕ ಚೌಕಕ್ಕೂ ಪ್ರೂಫ್ (ಪರೀಕ್ಷೆಯ ಅಚ್ಚು) ತೆಗೆದು ನೋಡಿಯೇ ತಿಳಿಯಬೇಕಾಗಿರುವುದರಿಂದ, ನೀವು ಕೇಳಿದ ತಿಂಗಳಿನ ಬಹುಪಾಲು ಅಲ್ಲಿಯೇ ಕಳೆಯುತ್ತದೆ.

ಅಡಿಕೆಯ ವಿಷಯದಲ್ಲಿ ತಪ್ಪು ನಮ್ಮದೇ. ಅಡಿಕೆಗೊನೆಯ ಕೊಯ್ಲು ಮಳೆ ಹಿಂದೆಗೆದ ಮೇಲಿನದೆಂದು ಬಲ್ಲ ನನ್ನ ಕಣ್ಣಿಗೂ ಅದು ಬೀಳಲಿಲ್ಲ. ನಿಮ್ಮ ಪತ್ರ ತೋರಿಸಿದಾಗ ಕಲಾವಿದರು ಅಡಿಕೆಯಿದ್ದ ಲೇಯರನ್ನು ಅಳಿಸಿ, ಖಾಲಿಯಾದ ಅಂಗಳದಲ್ಲಿ ಮಳೆನೀರು ಹರಿಸಿದರು. ಹಿಡಿದದ್ದು ಹತ್ತು ನಿಮಿಷ. ಕಂಪ್ಯೂಟರು ನಮಗೆ ಉಳಿಸಿಕೊಡುವುದು ಈ ಬಗೆಯ ಸಮಯವನ್ನು. ಧಾರಾವಾಹಿಯು ಪುಸ್ತಕವಾಗುವಾಗ ತಿದ್ದಿದ ಪುಟವೇ ಅಚ್ಚಾಗಲಿದೆ. ಅಲ್ಲಿಯವರೆಗೆ ತಿಂಗಳಿಗೆ ಎರಡೇ ಪುಟ.

– ಸಂ.