ವಾರ್ಡ್ ನಂಬರ್ ಬಿಡಿ, ಗಲ್ಲಿ ಹಿಡಿಯಿರಿ

ಪ್ರಶ್ನೆ: ಬೆಳಗಾವಿಯ ಶಹಾಪುರದಲ್ಲಿ ನಮ್ಮ ಅಜ್ಜನ ಕಾಲದ ಮನೆ ಇದೆ. ಮನೆ ಅಲ್ಲೇ ಇದೆ, ವಾರ್ಡ್ ನಂಬರ್ ಮಾತ್ರ ಬದಲಾಗುತ್ತಲೇ ಇರುತ್ತದೆ. 2013ರ ಪಾಲಿಕೆ ಚುನಾವಣೆಯಲ್ಲಿ ಮತಯಂತ್ರದ ಮೇಲೆ ಯಾವ ಪಕ್ಷದ ಗುರುತೂ ಇರಲಿಲ್ಲವಂತೆ, 2021ರಲ್ಲಿ ಕಮಲ, ಕೈ ಎಲ್ಲ ಬಂದವು. ‘ನಮ್ಮ ವಾರ್ಡಿನ ರಾಜಕೀಯ ಇತಿಹಾಸ’ ಅಂತ ಬಿ.ಎ. ಪ್ರಾಜೆಕ್ಟ್ ಬರೀಬೇಕಾಗಿದೆ ಸರ್. ಎಲ್ಲಿಂದ ಶುರು ಮಾಡಲಿ?

ಉತ್ತರ: ಗೆದ್ದವರ ಪಟ್ಟಿಯಿಂದಂತೂ ಶುರು ಮಾಡಬೇಡಿ. ನನ್ನ ಹತ್ತಿರ ಬರುವ ವಿದ್ಯಾರ್ಥಿಗಳೆಲ್ಲ ಮೊದಲು ಮಾಡುವುದೇ ಅದನ್ನು. ಇಸವಿ, ಹೆಸರು, ಪಕ್ಷ, ಪಡೆದ ಮತ ಅಂತ ನಾಲ್ಕು ಕಾಲಂ ಎಳೆಯುತ್ತಾರೆ. ಬೆಳಗಾವಿಯಲ್ಲಿ ‘ಪಕ್ಷ’ದ ಕಾಲಂ 2021ರ ತನಕ ಖಾಲಿಯೇ ಉಳಿಯುತ್ತದೆ. ವಾರ್ಡ್ ನಂಬರ್ ನಂಬಿದರೆ ಇನ್ನೂ ದೊಡ್ಡ ತಪ್ಪಾಗುತ್ತದೆ. ಹಳೆಯ ನಂಬರಿನಲ್ಲಿ ಗೆದ್ದವರು ನಿಮ್ಮ ಗಲ್ಲಿಯ ನಗರಸೇವಕರೇ (ಪಾಲಿಕೆ ಸದಸ್ಯರೇ) ಆಗಿದ್ದರು ಅನ್ನುವ ಖಾತರಿ ಇಲ್ಲ.

ಯಾಕೆ ಅಂದರೆ ವಾರ್ಡಿನ ಗೆರೆ ಎಳೆಯುವುದು ಜನಗಣತಿಯ ಲೆಕ್ಕ ಹಿಡಿದು. 2011ರ ಗಣತಿಯಲ್ಲಿ ಪಾಲಿಕೆ ವ್ಯಾಪ್ತಿಯ ಜನ ಹತ್ತಿರ ಹತ್ತಿರ 4.9 ಲಕ್ಷ, ವಾರ್ಡುಗಳು 58. ಭಾಗಿಸಿದರೆ ವಾರ್ಡಿಗೆ ಸುಮಾರು 8,400 ಜನ. ಹಳೇ ಊರಿನ ಒತ್ತೊತ್ತು ಗಲ್ಲಿಗಳಲ್ಲಿ ಅಷ್ಟು ಜನ ನಾಲ್ಕು ಹೆಜ್ಜೆಯಲ್ಲಿ ಸಿಗುತ್ತಾರೆ, ಹೊಸ ಬಡಾವಣೆಯಲ್ಲಿ ಅಷ್ಟೇ ಜನರಿಗೆ ಮೈಲಿ ಸುತ್ತಬೇಕು. ಹೊರವಲಯ ಬೆಳೆದ ಹಾಗೆಲ್ಲ ಹಳೇ ಊರಿನ ವಾರ್ಡುಗಳು ಒಂದರೊಳಗೊಂದು ಸೇರುತ್ತ ಹೋಗುತ್ತವೆ. 2013ರ ನಕ್ಷೆ 2021ಕ್ಕೆ ಉಳಿಯಲಿಲ್ಲ. ಹೊಸ ವಿಂಗಡಣೆ ಮತ್ತು ಮೀಸಲಾತಿ ಪಟ್ಟಿಯ ಜಗಳ ಕೋರ್ಟಿನ ಮೆಟ್ಟಿಲನ್ನೂ ಹತ್ತಿತು. ಆದ್ದರಿಂದ ರಾಜ್ಯಪತ್ರದಲ್ಲಿ ಬರುವ ವಾರ್ಡ್ ಅಧಿಸೂಚನೆಯ ಚಕ್ಕುಬಂದಿ (ನಾಲ್ಕೂ ದಿಕ್ಕಿನ ಗಡಿ ವಿವರ) ಓದಿ, ನಿಮ್ಮ ಗಲ್ಲಿ ಯಾವ ಸಲ ಯಾವ ವಾರ್ಡಿನಲ್ಲಿತ್ತು ಅಂತ ಮೊದಲು ಗುರುತು ಹಾಕಿಕೊಳ್ಳಿ. ಬೇಸರದ ಕೆಲಸ ನಿಜ, ಆದರೆ ಅರ್ಧ ಪ್ರಾಜೆಕ್ಟ್ ಅಲ್ಲೇ ಮುಗಿಯುತ್ತದೆ.

ಶಹಾಪುರದವರಿಗೆ ಇನ್ನೊಂದು ಪದರ ಉಂಟು. ಬೆಳಗಾವಿಗೆ ಪುರಸಭೆ ಬಂದದ್ದು 1851ರಲ್ಲಿ, ಬ್ರಿಟಿಷರ ಕೈಕೆಳಗೆ. ಶಹಾಪುರ ಆಗ ಸಾಂಗಲಿ ಸಂಸ್ಥಾನದ್ದು. ಸಾಂಗಲಿ ಆಳುತ್ತಿದ್ದ ಪಟವರ್ಧನರ ಪ್ರಜೆಗಳು ನೀವು! ಸಂಸ್ಥಾನ ವಿಲೀನವಾಗುವ ತನಕ ಒಂದೇ ಪೇಟೆಯ ಹಾಗೆ ಕಾಣುವ ಊರಿನಲ್ಲಿ ಎರಡು ಸರ್ಕಾರಗಳಿದ್ದವು. ನಿಮ್ಮ ಅಜ್ಜನ ಮಾತಿನಲ್ಲಿ ಇವತ್ತಿಗೂ ‘ಬೆಳಗಾವಿಗೆ ಹೋಗಿ ಬರ್ತೇನಿ’ ಅನ್ನುವುದು ಬಂದರೆ ಅದನ್ನೂ ಬರೆದುಕೊಳ್ಳಿ.

ಇನ್ನು ಪಕ್ಷವಿಲ್ಲದ ಚುನಾವಣೆಯ ವಿಷಯ. ಗುರುತು ಇರಲಿಲ್ಲ ಅಂದ ಮಾತ್ರಕ್ಕೆ ರಾಜಕೀಯ ಇರಲಿಲ್ಲ ಅಂತಲ್ಲ. ಸದನ ಒಡೆದು ಕೂರುತ್ತಿದ್ದದ್ದು ಭಾಷೆಯ ಮೇಲೆ. ಒಂದು ಕಡೆ ಬೆಳಗಾವಿ ಮಹಾರಾಷ್ಟ್ರಕ್ಕೆ ಸೇರಬೇಕೆನ್ನುವ ಮಹಾರಾಷ್ಟ್ರ ಏಕೀಕರಣ ಸಮಿತಿಯ ಬೆಂಬಲದ ಮರಾಠಿ ಗುಂಪು, ಇನ್ನೊಂದು ಕಡೆ ಕನ್ನಡ-ಉರ್ದು ಗುಂಪು. ಅಭ್ಯರ್ಥಿ ಯಾರು ಅನ್ನುವುದು ಎಷ್ಟೋ ಕಡೆ ಗಲ್ಲಿಯ ಪಂಚರ ಕಟ್ಟೆಯ ಮೇಲೆ, ಗಣೇಶೋತ್ಸವ ಮಂಡಳದ ಬೈಠಕ್ಕಿನಲ್ಲಿ ತೀರ್ಮಾನವಾಗುತ್ತಿತ್ತು. ಪಕ್ಷದ ಚಿಹ್ನೆ ಇಲ್ಲದ ಮೇಲೆ ಹೀಗೇ ಮತ ಹಾಕಿ ಅನ್ನುವ ಪಕ್ಷದ ಆದೇಶ, ಅಂದರೆ ವಿಪ್, ಎಲ್ಲಿಯದು? ವರ್ಷಕ್ಕೊಮ್ಮೆ ಮೇಯರ್ ಆಯ್ಕೆ ಬಂತೆಂದರೆ ಒಂದೇ ಗುಂಪು ಎರಡಾಗುವುದು, ಆಚೆಯವರು ಈಚೆ ಬರುವುದು ಸಹಜವಾಗಿತ್ತು. ಬಹುಮತ ಮರಾಠಿ ಗುಂಪಿನ ಕಡೆಗೇ ಹೆಚ್ಚು ಸಲ ಇದ್ದರೂ ಸಿದ್ಧನಗೌಡ ಪಾಟೀಲರು ಮೊದಲ ಕನ್ನಡ ಮೇಯರ್ ಆದದ್ದನ್ನು ಬೆಳಗಾವಿಯ ಕನ್ನಡಿಗರು ಇಂದಿಗೂ ನೆನೆಯುತ್ತಾರೆ.

2018ರ ಕಥೆ ಇನ್ನೂ ಸ್ವಾರಸ್ಯ. ಬಹುಮತ ಮರಾಠಿ ಗುಂಪಿನದೇ, ಆದರೆ ಮೇಯರ್ ಸ್ಥಾನ ಪರಿಶಿಷ್ಟ ಪಂಗಡಕ್ಕೆ ಮೀಸಲಾಯಿತು. ಆ ಪಂಗಡದವರು ಇದ್ದದ್ದು ಕನ್ನಡ-ಉರ್ದು ಗುಂಪಿನಲ್ಲಿ ಮಾತ್ರ. ಬಸಪ್ಪ ಚಿಕ್ಕಲದಿನ್ನಿ ಮೇಯರ್ ಆದರು. ಆ ವರ್ಷ ತಲೆಯೆಣಿಕೆಗಿಂತ ಮೀಸಲಾತಿ ಪಟ್ಟಿಯೇ ಭಾರಿಯಾಯಿತು. ವಾರ್ಡಿನಲ್ಲೂ ಇದೇ ಆಟ: ಒಂದು ಸಲ ಸಾಮಾನ್ಯ, ಮುಂದಿನ ಸಲ ಹಿಂದುಳಿದ ವರ್ಗ ‘ಅ’ ಮಹಿಳೆ. ಐದು ವರ್ಷ ಓಡಾಡಿದ ನಗರಸೇವಕ ಮನೆಯಲ್ಲಿ ಕೂರುತ್ತಾನೆ, ಇಲ್ಲವೇ ಹೆಂಡತಿಯ ಹೆಸರಿನಲ್ಲಿ ಪೋಸ್ಟರ್ ಹಾಕಿಸುತ್ತಾನೆ. ‘ಜನ ಅವನನ್ನು ತಿರಸ್ಕರಿಸಿದರು’ ಅಂತ ಬರೆಯುವ ಮುಂಚೆ ಆ ಸಲದ ಮೀಸಲಾತಿ ನೋಡಿ.

ಎಲ್ಲಕ್ಕಿಂತ ಮುಖ್ಯವಾದದ್ದು ಸದನವೇ ಇಲ್ಲದ ವರ್ಷಗಳು. ಇದನ್ನು ಯಾರೂ ಬರೆಯುವುದಿಲ್ಲ. 2005ರಲ್ಲಿ ವಿಜಯ ಮೋರೆ ಮೇಯರ್ ಆಗಿದ್ದಾಗ ಬೆಳಗಾವಿಯನ್ನು ಮಹಾರಾಷ್ಟ್ರಕ್ಕೆ ಸೇರಿಸಬೇಕೆಂಬ ಠರಾವು (ನಿರ್ಣಯ) ಪಾಸಾಯಿತು. ಬೆಂಗಳೂರಿನಲ್ಲಿ ಅವರ ಮುಖಕ್ಕೆ ಕನ್ನಡ ಹೋರಾಟಗಾರರು ಮಸಿ ಬಳಿದರು, ನವೆಂಬರಿನಲ್ಲಿ ಸರ್ಕಾರ ಪಾಲಿಕೆಯನ್ನು ವಿಸರ್ಜಿಸಿತು. 2011ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನವೇ, ಮೇಯರ್, ಉಪಮೇಯರ್ ಸಮಿತಿಯ ಕರಾಳ ದಿನಾಚರಣೆಗೆ ಹೋದರು, ಡಿಸೆಂಬರಿನಲ್ಲಿ ಮತ್ತೆ ವಿಸರ್ಜನೆ. 2013ರ ಮಾರ್ಚಿನಲ್ಲಿ ಚುನಾವಣೆ ಆದರೂ ಮೇಯರ್ ಆಯ್ಕೆಯಾದದ್ದು 2014ರ ಮಾರ್ಚಿನಲ್ಲಿ. 2019ಕ್ಕೆ ಅವಧಿ ಮುಗಿದ ಮೇಲೆ 2021ರ ಸೆಪ್ಟೆಂಬರಿನಲ್ಲಿ ಮತದಾನ, 2023ರ ಫೆಬ್ರುವರಿಯಲ್ಲಿ ಮೇಯರ್. ಲೆಕ್ಕ ಹಾಕಿ: 2011ರ ಡಿಸೆಂಬರಿನಿಂದ 2023ರ ಫೆಬ್ರುವರಿಗೆ 11 ವರ್ಷದ ಮೇಲೆ. ಅದರಲ್ಲಿ ಸದನ ಕೂತದ್ದು 5 ವರ್ಷ. ಉಳಿದದ್ದು ಆಡಳಿತಾಧಿಕಾರಿಯ ಸಹಿ. ನಿಮ್ಮ ಗಲ್ಲಿಯ ಗಟಾರು, ನಳ, ರಸ್ತೆ ಯಾವ ಇಸವಿಯಲ್ಲಿ ಆದವು ಅಂತ ಕೇಳಿ ನೋಡಿ. ನಗರಸೇವಕರೇ ಇಲ್ಲದ ವರ್ಷದಲ್ಲಿ ಆಗಿದ್ದರೆ, ಮಾಡಿಸಿದವರು ಯಾರು? ಶಾಸಕರೋ, ಅಧಿಕಾರಿಯೋ? ನಿಜವಾದ ಪ್ರಾಜೆಕ್ಟ್ ಇದು.

2021ರ ಫಲಿತಾಂಶ ನಿಮಗೆ ಗೊತ್ತೇ ಇದೆ: ಬಿಜೆಪಿ 35, ಕಾಂಗ್ರೆಸ್ 10, ಎಐಎಂಐಎಂ 1, ಸಮಿತಿ 2ಕ್ಕೆ ಇಳಿಯಿತು, ಉಳಿದ 10 ಪಕ್ಷೇತರರು. ಇದನ್ನು ‘ಮರಾಠಿ ರಾಜಕೀಯ ಮುಗಿಯಿತು’ ಅಂತ ಓದುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕಮಲದ ಮೇಲೆ ಗೆದ್ದವರಲ್ಲಿ ಮರಾಠಿ ಮನೆಮಾತಿನವರು ಬಹಳ ಜನ. ಮತದಾರ ಗಲ್ಲಿ ಬಿಟ್ಟು ಹೋಗಿಲ್ಲ, ಪಂಚರ ಕಟ್ಟೆಯ ಅಧಿಕಾರ ಪಕ್ಷದ ಟಿಕೆಟ್ ಹಂಚುವವರ ಕೈಗೆ ಹೋಗಿದೆ.

ಪ್ರಶ್ನೆ: ನಾವು 2021ರಲ್ಲಿ ಮತ ಹಾಕಿದ್ದೆವು. ಹಾಗಾದರೆ ಈ ಪಾಲಿಕೆಯ ಅವಧಿ 2026ಕ್ಕೆ ಮುಗಿಯಬೇಕಲ್ಲವೇ? (ಮಹಾಂತೇಶ ನಗರದ ಓದುಗರು)

ಉತ್ತರ: ಇಲ್ಲ. ಸಂವಿಧಾನದ 243ಯು ವಿಧಿಯ ಪ್ರಕಾರ ಐದು ವರ್ಷ ಎಣಿಸುವುದು ಮತದಾನದ ದಿನದಿಂದಲ್ಲ, ಮೊದಲ ಸಭೆಯ ದಿನದಿಂದ. ಆ ಸಭೆ ಆದದ್ದು 2023ರ ಫೆಬ್ರುವರಿಯಲ್ಲಿ, ಹಾಗಾಗಿ ಅವಧಿ 2028ರ ತನಕ. ಗೆದ್ದವರು ಒಂದೂವರೆ ವರ್ಷ ಸದಸ್ಯರೂ ಅಲ್ಲ, ಮಾಜಿಗಳೂ ಅಲ್ಲ ಅನ್ನುವ ಹಾಗೆ ಕಾದರು. ಇದು ಬೆಳಗಾವಿಯ ರೋಗ ಮಾತ್ರ ಅಲ್ಲ. ವಿಜಯಪುರದಲ್ಲಿ 2022ರ ಅಕ್ಟೋಬರಿನಲ್ಲಿ 35 ವಾರ್ಡುಗಳಿಗೆ ಮತದಾನ ಆಯಿತು. ಬಿಜೆಪಿ 17 ಗೆದ್ದು ದೊಡ್ಡ ಪಕ್ಷ ಅನಿಸಿಕೊಂಡಿತು. 2024ರ ಜನವರಿಯಲ್ಲಿ ಮೇಯರ್ ಆಯ್ಕೆಯಾಗುವ ಹೊತ್ತಿಗೆ 10 ಸ್ಥಾನದ ಕಾಂಗ್ರೆಸ್ಸಿಗೆ ಗದ್ದುಗೆ ಸಿಕ್ಕಿತು. ಶಾಸಕರು, ಸಂಸದರು, ವಿಧಾನ ಪರಿಷತ್ ಸದಸ್ಯರಿಗೂ ಮೇಯರ್ ಚುನಾವಣೆಯಲ್ಲಿ ಮತ ಇರುವುದರಿಂದ ಇಂಥ ಲೆಕ್ಕ ಬರೀ ವಾರ್ಡುಗಳ ಸಂಖ್ಯೆಯಿಂದ ಬಿಡಿಸಲಾಗುವುದಿಲ್ಲ.

ಪ್ರಶ್ನೆ: ಕ್ಯಾಂಪ್ ಪ್ರದೇಶ ಯಾವ ವಾರ್ಡಿಗೆ ಬರುತ್ತದೆ?

ಉತ್ತರ: ಯಾವುದಕ್ಕೂ ಬರುವುದಿಲ್ಲ. ಅದು ಕಂಟೋನ್ಮೆಂಟ್ ಬೋರ್ಡಿನದು, ರಕ್ಷಣಾ ಇಲಾಖೆಯ ಅಡಿಯಲ್ಲಿ. ಅಲ್ಲಿನ ನಾಗರಿಕ ಭಾಗವನ್ನು ಪಾಲಿಕೆಗೆ ಸೇರಿಸುವ ಮಾತು ಕೆಲವು ವರ್ಷಗಳಿಂದ ನಡೆದಿದೆ. ಸೇರಿದ ದಿನ 58 ವಾರ್ಡುಗಳ ಗೆರೆ ಮತ್ತೆ ಅಳಿಸಿ ಬರೆಯಬೇಕಾಗಬಹುದು. ಶಹಾಪುರದ ವಿದ್ಯಾರ್ಥಿನಿ ಅದಕ್ಕೂ ಮುಂಚೆ ಪ್ರಾಜೆಕ್ಟ್ ಮುಗಿಸಿಕೊಂಡರೆ ಒಳ್ಳೆಯದು.