ಸರ್ಕಾರಿ ಶಾಲೆಯ ಮಾನ್ಯತೆ ಪತ್ರ ಎಲ್ಲಿ ಅಂತ ಪೋಷಕರು ಕೇಳಿದರೆ ಏನು ಹೇಳಬೇಕು?

ಪ್ರಶ್ನೆ: ನಾನು ಹೊಸದುರ್ಗ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಹೊಸ ಶಿಕ್ಷಕಿ. ಮಗಳನ್ನು ಸೇರಿಸಲು ಬಂದ ಪೋಷಕರೊಬ್ಬರು "ಮೊದಲು ನಿಮ್ಮ ಶಾಲೆಯ ಮಾನ್ಯತೆ ಪತ್ರ ತೋರಿಸಿ" ಅಂದರು. ನಮ್ಮಲ್ಲಿ ಅಂಥ ಪತ್ರವೇ ಇಲ್ಲ. ಏನು ಹೇಳಲಿ? ಇನ್ನೊಂದು, ಶಿಕ್ಷಣ ನೀತಿ, ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ), ವಯಸ್ಸಿನ ಮಿತಿ ಅಂತ ದಿನಕ್ಕೊಂದು ಸುದ್ದಿ ಗ್ರೂಪಿಗೆ ಬರುತ್ತದೆ. ಯಾವುದನ್ನು ನಂಬಬೇಕು?

ಉತ್ತರ:

ಮೇಡಂ, ನಾನು ಜಗಳೂರು ಕಡೆ ಮೇಷ್ಟ್ರು. ಸರ್ವಿಸಿಗೆ ಸೇರಿ ಇಪ್ಪತ್ತು ವರ್ಷ ದಾಟಿತು. ನಿಮ್ಮ ಮೊದಲ ಪ್ರಶ್ನೆ ನನಗೂ ಒಮ್ಮೆ ಬಂದಿತ್ತು. ಆಗ ನಾನು ಗಾಬರಿಯಾಗಿ ಆಫೀಸ್ ರೂಮಿನ ಕಬ್ಬಿಣದ ಬೀರು ತೆಗೆದು ಹುಡುಕಿದ್ದೆ. ಹಳೇ ದಾಖಲಾತಿ ವಹಿ ಸಿಕ್ಕಿತು, ಹಾಜರಿ ಪುಸ್ತಕ ಸಿಕ್ಕಿತು, ಗೆದ್ದಲು ತಿಂದ ಸ್ಟಾಕ್ ರಿಜಿಸ್ಟರ್ ಸಿಕ್ಕಿತು. ಮಾನ್ಯತೆ ಪತ್ರ ಸಿಗಲಿಲ್ಲ. ಸಿಗೋದೂ ಇಲ್ಲ. ಯಾಕಂದ್ರೆ ಸರ್ಕಾರಿ ಶಾಲೆಗೆ ಅದು ಬೇಕಿಲ್ಲ.

2009ರ ಶಿಕ್ಷಣ ಹಕ್ಕು ಕಾಯ್ದೆಯ 18ನೇ ಸೆಕ್ಷನ್ ಓದಿ. ಮಾನ್ಯತೆ ಇಲ್ಲದೆ ಯಾರೂ ಶಾಲೆ ನಡೆಸುವಂತಿಲ್ಲ ಅಂತ ಅದು ಹೇಳುತ್ತದೆ. ಆದರೆ ಸರ್ಕಾರವೋ ಸ್ಥಳೀಯ ಸಂಸ್ಥೆಯೋ ತಾನೇ ತೆರೆದು ತಾನೇ ನಡೆಸುವ ಶಾಲೆಯನ್ನು ಅಲ್ಲೇ ಹೊರಗಿಟ್ಟಿದೆ. ಪೋಷಕರಿಗೆ ಇಷ್ಟು ಹೇಳಿದರೆ ಸಾಕು: "ಪತ್ರ ಕೊಡೋದು ಸರ್ಕಾರ, ಈ ಶಾಲೆ ನಡೆಸೋದೂ ಸರ್ಕಾರ."

ಆದರೆ ಅಷ್ಟಕ್ಕೇ ನಿಲ್ಲಿಸಬೇಡಿ. ಪತ್ರ ಬೇಕಿಲ್ಲ ಅಂದರೆ ನಿಯಮ ಇಲ್ಲ ಅಂತಲ್ಲ. ಅದೇ ಕಾಯ್ದೆಯ ಕೊನೆಗೆ ಒಂದು ಅನುಸೂಚಿ ಇದೆ. ಅದು ನಮಗೂ ಲಾಗೂ ಆಗುತ್ತದೆ. ಪ್ರತಿ ಶಿಕ್ಷಕರಿಗೆ ಒಂದು ಕೊಠಡಿ, ಗಂಡು ಹೆಣ್ಣು ಮಕ್ಕಳಿಗೆ ಬೇರೆ ಬೇರೆ ಶೌಚಾಲಯ, ಕುಡಿಯುವ ನೀರು, ಅಡುಗೆ ಕೋಣೆ, ಆಟದ ಮೈದಾನ, ಕಾಂಪೌಂಡ್, ಲೈಬ್ರರಿ. 1ರಿಂದ 5ನೇ ತರಗತಿಗೆ ವರ್ಷಕ್ಕೆ 200 ದಿನ ಪಾಠ, 6ರಿಂದ 8ಕ್ಕೆ 220 ದಿನ. 1ರಿಂದ 5ರಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 90ರವರೆಗೆ ಮೂವರು. ಈ ಅನುಸೂಚಿಯನ್ನು ಹಿಡಿದು ಖಾಸಗಿ ಶಾಲೆಗೆ ಹೋದಷ್ಟು ಸಲೀಸಾಗಿ ನಮ್ಮ ಶಾಲೆಗೆ ಯಾರೂ ಬರೋದಿಲ್ಲ ಅನ್ನೋದು ಬೇರೆ ಮಾತು. ನಮ್ಮಲ್ಲಿ ಶೌಚಾಲಯ ಇತ್ತು, ನೀರು ಇರಲಿಲ್ಲ. ಜಗಳೂರಿನ ಬೇಸಿಗೆ ಗೊತ್ತಲ್ಲ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಈ ಅನುಸೂಚಿಯ ಝೆರಾಕ್ಸ್ ಇಟ್ಟು ಠರಾವು ಮಾಡಿದ ಮೇಲೆ ಪಂಚಾಯಿತಿಯವರು ಪೈಪ್ ಎಳೆಸಿದರು. ಅದಕ್ಕೂ ಮೊದಲು ಬಾಯಿಮಾತಿನಲ್ಲಿ ಎಷ್ಟು ಸಲ ಕೇಳಿದ್ದೆವೋ ಲೆಕ್ಕವಿಲ್ಲ.

ಈಗ ನಿಮ್ಮ ಪೋಷಕರ ವಿಷಯ. ಸರ್ಕಾರಿ ಶಾಲೆಗೆ ಬಂದು ಮಾನ್ಯತೆ ಕೇಳುವವರು ಸುಮ್ನೆ ಕೇಳೋದಿಲ್ಲ. ಎಲ್ಲೋ ಕೈ ಸುಟ್ಟುಕೊಂಡಿರುತ್ತಾರೆ.

ನನ್ನ ಹತ್ತಿರ ಕೇಳಿದವರು ದಾವಣಗೆರೆಯಲ್ಲಿ ಗೂಡ್ಸ್ ಆಟೋ ಓಡಿಸುತ್ತಿದ್ದವರು. ಐದಾರು ವರ್ಷದ ಹಿಂದಿನ ಮಾತು. ಕೆಲಸ ಕೈಕೊಟ್ಟು ಊರಿಗೆ ವಾಪಸ್ ಬಂದಿದ್ದರು. ಮಗಳು 3ನೇ ಕ್ಲಾಸ್ ಮುಗಿಸಿದ್ದಳು. ತಂದಿದ್ದ ಟಿಸಿ ನೋಡಲು ಬಲು ಚೆಂದ, ಬಣ್ಣದ ಲೋಗೋ, ದೊಡ್ಡ ಸೀಲು. ಸ್ಯಾಟ್ಸ್‌ನಲ್ಲಿ, ಅಂದರೆ ಯಾವ ಮಗು ಯಾವ ಶಾಲೆಯಲ್ಲಿದೆ ಅಂತ ಇಲಾಖೆ ಇಟ್ಟಿರುವ ಆನ್‌ಲೈನ್ ದಾಖಲೆಯಲ್ಲಿ, ನಂಬರು ಹಾಕಿ ನೋಡಿದೆವು. ಹುಡುಗಿ ಇದ್ದದ್ದು ಬೇರೆಯೇ ಶಾಲೆಯಲ್ಲಿ. ಆ ಶಾಲೆಯ ಹೆಸರನ್ನು ಅವರಪ್ಪ ಕೇಳಿಯೇ ಇರಲಿಲ್ಲ.

ಆಮೇಲೆ ಗೊತ್ತಾಗಿದ್ದು ಇಷ್ಟು. ಅವಳು ಓದಿದ ಶಾಲೆಗೆ ಪ್ರಾಥಮಿಕ ತರಗತಿ ನಡೆಸಲು ಮಾನ್ಯತೆಯೇ ಇರಲಿಲ್ಲ. ಎಲ್‌ಕೆಜಿ, ಯುಕೆಜಿ ಅಂತ ಶುರು ಮಾಡಿ, ಮಕ್ಕಳು ಬೆಳೆದಂತೆ ತರಗತಿಯನ್ನೂ ಬೆಳೆಸಿಕೊಂಡು ಹೋಗಿದ್ದರು. ಹೆಸರುಗಳನ್ನು ಮಾತ್ರ ಮಾನ್ಯತೆ ಇದ್ದ ಇನ್ನೊಂದು ಶಾಲೆಯ ಲೆಕ್ಕದಲ್ಲಿ ಸೇರಿಸಿದ್ದರು. ಪಾಠ ಒಂದು ಕಡೆ, ಹಾಜರಿ ಇನ್ನೊಂದು ಕಡೆ. ಹೆಸರು ಬಿಟ್ಟುಕೊಡಿ ಅಂದರೆ ಬಾಕಿ ಫೀಸು ಕಟ್ಟಿ ಅಂದರು.

ನಮ್ಮ ಎಚ್‌ಎಂ ಮೊದಲು ಹಿಂದೇಟು ಹಾಕಿದರು. ಕಚೇರಿಯ ಗುಮಾಸ್ತರೊಬ್ಬರು "ಸ್ಯಾಟ್ಸ್ ಕ್ಲಿಯರ್ ಆಗದೆ ಸೇರಿಸ್ಕೊಂಡ್ರೆ ನಿಮ್ಮ ತಲೆ ಮೇಲೆ ಬರುತ್ತೆ" ಅಂತ ಹೆದರಿಸಿದ್ದರು. ಆಗ ನಾವು ಕಾಯ್ದೆಯ 5ನೇ ಸೆಕ್ಷನ್ ತೆಗೆದು ಓದಿದೆವು. ಟಿಸಿ ತಡವಾಯಿತು ಅನ್ನೋದು ಮಗುವನ್ನು ಸೇರಿಸಿಕೊಳ್ಳದೆ ಇರಲು, ತಡ ಮಾಡಲು ಕಾರಣ ಆಗುವಂತಿಲ್ಲ ಅಂತ ಅಲ್ಲಿ ಬರೆದಿದೆ. 4ನೇ ಸೆಕ್ಷನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಶಾಲೆಯ ಮುಖವನ್ನೇ ನೋಡದ ಮಗುವನ್ನೂ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಬೇಕು ಅನ್ನುತ್ತದೆ. ವಯಸ್ಸಿನ ದಾಖಲೆ ಇಲ್ಲ ಅಂತಲೂ ವಾಪಸ್ ಕಳಿಸುವಂತಿಲ್ಲ, ಅದು 14ನೇ ಸೆಕ್ಷನ್. ಎಚ್‌ಎಂ ಎರಡು ಸಲ ಓದಿದರು. ಹುಡುಗಿ ಆವತ್ತು ಮಧ್ಯಾಹ್ನದ ಊಟಕ್ಕೆ ನಮ್ಮ ಮಕ್ಕಳ ಸಾಲಿನಲ್ಲೇ ಕೂತಳು. ಸ್ಯಾಟ್ಸ್ ಸರಿಯಾಗಿದ್ದು ಆಗಸ್ಟಿನಲ್ಲಿ. ಪಠ್ಯಪುಸ್ತಕದ ಲೆಕ್ಕವೂ ಅದರ ಮೇಲೇ ನಡೆಯೋದರಿಂದ ಅಲ್ಲೀವರೆಗೆ ಹಿಂದಿನ ವರ್ಷದ ಹುಡುಗರ ಹಳೇ ಪುಸ್ತಕ ಕೊಟ್ಟಿದ್ದೆವು.

ಹಾಗಾಗಿ ಖಾಸಗಿ ಶಾಲೆಯ ಮಾನ್ಯತೆ ಬಗ್ಗೆ ನಮಗೂ ಗೊತ್ತಿರಬೇಕು. ಅಲ್ಲಿ ಏನೇ ಹೆಚ್ಚು ಕಮ್ಮಿಯಾದರೂ ಮಕ್ಕಳು ಬರೋದು ನಮ್ಮ ಹತ್ತಿರ. ಕಾಯ್ದೆಯಲ್ಲೂ ಇದು ಇದೆ: ಒಂದು ಶಾಲೆಯ ಮಾನ್ಯತೆ ವಾಪಸ್ ಪಡೆಯುವ ಆದೇಶದಲ್ಲೇ, ಆ ಮಕ್ಕಳು ನೆರೆಹೊರೆಯ ಯಾವ ಶಾಲೆಗೆ ಸೇರಬೇಕು ಅಂತ ಹೇಳಿರಬೇಕು. ಮಾನ್ಯತೆ ಇಲ್ಲದೆ ಶಾಲೆ ನಡೆಸಿದವರಿಗೆ 1 ಲಕ್ಷ ರೂಪಾಯಿವರೆಗೆ ದಂಡ, ಆಮೇಲೂ ಮುಂದುವರಿಸಿದರೆ ದಿನಕ್ಕೆ 10 ಸಾವಿರ.

ಪೋಷಕರು ಕೇಳಿದರೆ ಮಾನ್ಯತೆ ಪತ್ರದಲ್ಲಿ ಮೂರು ಸಾಲು ನೋಡಲು ಹೇಳಿ. ಯಾವ ತರಗತಿಯಿಂದ ಯಾವ ತರಗತಿವರೆಗೆ, ಯಾವ ಮಾಧ್ಯಮಕ್ಕೆ, ಯಾವ ವರ್ಷದವರೆಗೆ. ಮೋಸ ಇರೋದು ಈ ಮೂರರಲ್ಲೇ. 5ರವರೆಗೆ ಮಾನ್ಯತೆ, ನಡೆಸೋದು 7ರವರೆಗೆ. ಕಾಗದದಲ್ಲಿ ಕನ್ನಡ ಮಾಧ್ಯಮ, ಬೋರ್ಡಿನಲ್ಲಿ ಇಂಗ್ಲಿಷ್ ಮೀಡಿಯಂ. ಈ ಎರಡನೆಯದು ಹಳೇ ಕಥೆ. 2006ರಲ್ಲಿ ಕನ್ನಡಕ್ಕೆ ಅನುಮತಿ ಪಡೆದು ಇಂಗ್ಲಿಷಿನಲ್ಲಿ ಕಲಿಸುತ್ತಿದ್ದ ಶಾಲೆಗಳ ಮಾನ್ಯತೆ ರದ್ದು ಮಾಡಲು ಸರ್ಕಾರ ಹೊರಟಾಗ ರಾಜ್ಯದಲ್ಲಿ ದೊಡ್ಡ ಗಲಾಟೆಯೇ ಆಗಿತ್ತು.

ಇನ್ನೊಂದು ತಪ್ಪು ತಿಳುವಳಿಕೆ ನಮ್ಮ ಶಿಕ್ಷಕರಲ್ಲೂ ಇದೆ. ಯುಡೈಸ್ (ದೇಶದ ಶಾಲೆಗಳ ಮಾಹಿತಿ ಸಂಗ್ರಹ) ನಂಬರು ಇದ್ದರೆ ಮಾನ್ಯತೆ ಇದೆ ಅಂದುಕೊಳ್ಳುತ್ತಾರೆ. ಅದು 11 ಅಂಕಿಯ ಗುರುತಿನ ಸಂಖ್ಯೆ ಮಾತ್ರ. ಕರ್ನಾಟಕದ್ದು 29ರಿಂದ ಶುರುವಾಗುತ್ತದೆ. ಮಾನ್ಯತೆ ಇಲ್ಲದ ಶಾಲೆಗಳನ್ನು ಲೆಕ್ಕ ಹಾಕಲು ಯುಡೈಸ್‌ನಲ್ಲೇ ಬೇರೆ ವರ್ಗ ಇದೆ. ಆಧಾರ್ ಇದ್ದ ಮಾತ್ರಕ್ಕೆ ಡ್ರೈವಿಂಗ್ ಲೈಸೆನ್ಸ್ ಇದೆ ಅಂತ ಆಗುತ್ತಾ?

ಖಾಸಗಿ ಶಾಲೆಯವರು ಅಗ್ನಿ ಸುರಕ್ಷತೆ, ಕಟ್ಟಡ ಸುರಕ್ಷತೆಯ ಸರ್ಟಿಫಿಕೇಟ್ ಕೇಳಿ ಸತಾಯಿಸುತ್ತಾರೆ ಅಂತ ಗೊಣಗುತ್ತಾರೆ. ಕಚೇರಿ ಅಲೆದಾಟದ ಬಗ್ಗೆ ಅವರ ಸಿಟ್ಟು ಸುಳ್ಳಲ್ಲ. ಆದರೆ ಆ ಕಾಗದ ಯಾಕೆ ಬಂತು ಅಂತ ನೆನಪಿರಲಿ. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣಂನ ಶಾಲೆಯೊಂದರಲ್ಲಿ ಬೆಂಕಿ ಬಿದ್ದು 94 ಮಕ್ಕಳು ಸತ್ತರು. ಆ ದುರಂತದ ಮೇಲೆ ನಡೆದ ಕೇಸಿನಲ್ಲಿ 2009ರಲ್ಲಿ ಸುಪ್ರೀಂ ಕೋರ್ಟ್ ಶಾಲೆಗಳ ಸುರಕ್ಷತೆಗೆ ಕಟ್ಟುನಿಟ್ಟಿನ ಸೂಚನೆ ಕೊಟ್ಟಿತು. ನಮ್ಮ ಸರ್ಕಾರಿ ಶಾಲೆಯ ಅಡುಗೆ ಕೋಣೆಯಲ್ಲೂ ಸಿಲಿಂಡರ್ ಇದೆ ಅಲ್ವಾ? ಬೆಂಕಿ ಆರಿಸುವ ಕೆಂಪು ಡಬ್ಬಿಯ ತಾರೀಖು ನಾಳೆ ಒಮ್ಮೆ ನೋಡಿ.

ಸರಿ, ಎರಡನೇ ಪ್ರಶ್ನೆ. ಗ್ರೂಪಿನಲ್ಲಿ ಬರೋದನ್ನೆಲ್ಲ ನಾನು ಒಂದೇ ಪ್ರಶ್ನೆ ಕೇಳಿ ಜರಡಿ ಹಿಡಿಯುತ್ತೇನೆ: ಇದು ಸುದ್ದಿಯೋ, ಶಿಫಾರಸೋ, ಕರಡೋ, ಆದೇಶವೋ? ಆದೇಶ ಆದರೆ "ಕರ್ನಾಟಕ ಸರ್ಕಾರದ ನಡಾವಳಿಗಳು" ಅಂತ ತಲೆಬರಹ ಇರುತ್ತದೆ. ಪ್ರಸ್ತಾವನೆ ಇರುತ್ತದೆ. ಆದೇಶ ಸಂಖ್ಯೆ, ತಾರೀಖು ಇರುತ್ತವೆ. ಕೊನೆಗೆ "ಕರ್ನಾಟಕ ರಾಜ್ಯಪಾಲರ ಆಜ್ಞಾನುಸಾರ ಮತ್ತು ಅವರ ಹೆಸರಿನಲ್ಲಿ" ಅಂತ ಬರೆದು ಸಹಿ ಇರುತ್ತದೆ. ಇದ್ಯಾವುದೂ ಇಲ್ಲದೆ, ಮೇಲೆ ಕೆಂಪಕ್ಷರದಲ್ಲಿ "ಶಿಕ್ಷಕರಿಗೆ ಬಿಗ್ ಶಾಕ್" ಅಂತಿದ್ದರೆ ಚಹಾ ಕುಡಿದು ಬನ್ನಿ.

ರಾಜ್ಯ ಶಿಕ್ಷಣ ನೀತಿಯನ್ನೇ ತಗೊಳ್ಳಿ. ಪ್ರೊ. ಸುಖದೇವ್ ಥೋರಟ್ ಅವರ ಆಯೋಗ 2023ರ ಅಕ್ಟೋಬರಿನಲ್ಲಿ ರಚನೆಯಾಯಿತು. 2025ರ ಆಗಸ್ಟಿನಲ್ಲಿ ವರದಿ ಕೊಟ್ಟಿತು. ಎರಡು ಭಾಷೆ ಸಾಕು, 5ನೇ ತರಗತಿವರೆಗೆ ಕನ್ನಡ ಅಥವಾ ಮಾತೃಭಾಷೆಯಲ್ಲೇ ಪಾಠ ಆಗಬೇಕು, ಶಾಲೆಯ ಹಂತ 2+8+4 (2 ವರ್ಷ ಪೂರ್ವ ಪ್ರಾಥಮಿಕ, 8 ವರ್ಷ ಪ್ರಾಥಮಿಕ, 4 ವರ್ಷ ಪ್ರೌಢ) ಆಗಬೇಕು ಅಂದಿತು. ಮಾರನೇ ದಿನವೇ ನಮ್ಮ ಸ್ಟಾಫ್ ರೂಮಿನಲ್ಲಿ "ಇನ್ಮೇಲೆ ಹಿಂದಿ ಇಲ್ವಂತೆ" ಅಂತ ಮಾತು. ಹಿಂದಿ ಮೇಷ್ಟ್ರ ಮುಖ ನೋಡಲು ಆಗುತ್ತಿರಲಿಲ್ಲ. ವರದಿ ಅಂದರೆ ಶಿಫಾರಸು, ಆದೇಶವಲ್ಲ ಅಂತ ಹೇಳಿ ಹೇಳಿ ಸಾಕಾಯಿತು. ಅದರಲ್ಲೂ ಮಾಧ್ಯಮದ ವಿಷಯ ಅಷ್ಟು ಸುಲಭ ಅಲ್ಲ. ಮಾತೃಭಾಷೆಯಲ್ಲೇ ಕಲಿಸಿ ಅಂತ ಸರ್ಕಾರ ಹೇರುವಂತಿಲ್ಲ ಅಂತ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2014ರ ಮೇ 6ರಂದು ನಮ್ಮ ರಾಜ್ಯದ ಕೇಸಿನಲ್ಲೇ ಹೇಳಿದೆ. ನನಗೆ ಆ ಶಿಫಾರಸು ಇಷ್ಟ. ಆದರೆ ಆ ತೀರ್ಪು ದಾಟದೆ ಖಾಸಗಿ ಶಾಲೆಗಳ ಮಟ್ಟಿಗೆ ಅದು ಜಾರಿಯಾಗೋದು ಕಷ್ಟ.

1ನೇ ತರಗತಿಯ ವಯಸ್ಸಿನದ್ದೂ ಇದೇ ಪಾಡು. ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಅಂತ 2022ರಲ್ಲೇ ಆದೇಶ ಆಯಿತು. ಅದರ ಜಾರಿ 2025-26ಕ್ಕೆ ಹೋಯಿತು. ಆ ವರ್ಷ ಬಂದಾಗ, ಏಪ್ರಿಲಿನಲ್ಲಿ, ಎಲ್‌ಕೆಜಿ ಯುಕೆಜಿ ಮುಗಿಸಿದವರಿಗೆ 5 ವರ್ಷ 5 ತಿಂಗಳು ಸಾಕು ಅಂತ ಸಡಿಲಿಸಿದರು. ಈ ಸಡಿಲಿಕೆ 2025-26ಕ್ಕೆ ಮಾತ್ರ ಅಂತ ಆಗಲೇ ಸಚಿವ ಮಧು ಬಂಗಾರಪ್ಪ ಸ್ಪಷ್ಟವಾಗಿ ಹೇಳಿದ್ದರು. ಆದರೆ ಜನರ ಕಿವಿಗೆ ಬಿದ್ದಿದ್ದು "ಐದೂವರೆ ಸಾಕಂತೆ" ಅನ್ನೋದು ಮಾತ್ರ. ಯಾವ ಶೈಕ್ಷಣಿಕ ವರ್ಷಕ್ಕೆ ಅನ್ನೋ ಸಾಲನ್ನು ಬಿಟ್ಟು ಆದೇಶ ಓದಬೇಡಿ.

ಟಿಇಟಿ ವಿಷಯದಲ್ಲಿ ಮಾತ್ರ ಗಾಬರಿಗೆ ಕಾರಣ ಇದೆ. 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಅದು. 1ರಿಂದ 8ನೇ ತರಗತಿಗೆ ಪಾಠ ಮಾಡುವ ಶಿಕ್ಷಕರಲ್ಲಿ, ನಿವೃತ್ತಿಗೆ 5 ವರ್ಷಕ್ಕಿಂತ ಜಾಸ್ತಿ ಸರ್ವಿಸ್ ಇರುವವರು 2 ವರ್ಷದೊಳಗೆ ಟಿಇಟಿ ಪಾಸಾಗಬೇಕು ಅಂತ ಹೇಳಿತು. 5 ವರ್ಷಕ್ಕಿಂತ ಕಮ್ಮಿ ಇರುವವರು ಹಾಗೇ ಮುಂದುವರಿಯಬಹುದು, ಆದರೆ ಟಿಇಟಿ ಇಲ್ಲದೆ ಬಡ್ತಿ ಇಲ್ಲ. ಅಲ್ಪಸಂಖ್ಯಾತ ಸಂಸ್ಥೆಗಳ ಪ್ರಶ್ನೆಯನ್ನು ದೊಡ್ಡ ಪೀಠಕ್ಕೆ ಕಳಿಸಿತು. ನೀವು ಹೊಸಬರು, ಟಿಇಟಿ ಪಾಸಾಗಿಯೇ ಬಂದಿರುತ್ತೀರಿ. ಆ ಸರ್ಟಿಫಿಕೇಟಿಗೆ ಈಗ ಜೀವನಪೂರ್ತಿ ಮಾನ್ಯತೆ ಇದೆ, ಜೋಪಾನವಾಗಿ ಇಟ್ಟುಕೊಳ್ಳಿ. ಪೇಚಿಗೆ ಸಿಕ್ಕಿರೋದು ನನ್ನಂಥವರು. ನಾನು ಸೇರಿದಾಗ ಟಿಇಟಿ ಅನ್ನೋ ಹೆಸರೇ ಇರಲಿಲ್ಲ, ಅದು ಬಂದಿದ್ದು 2010ರ ನಂತರ. ನಿವೃತ್ತಿಗೆ ಇನ್ನೂ ಹತ್ತು ವರ್ಷಕ್ಕೂ ಜಾಸ್ತಿ ಇದೆ.

ಈ ತೀರ್ಪು ನ್ಯಾಯವಾ ಅಂತ ಕೇಳಿದರೆ ನನಗೆ ಪೂರ್ತಿ ಒಪ್ಪಿಗೆ ಇಲ್ಲ. 2025ರ ದಸರೆಯಲ್ಲಿ ರಾಜ್ಯದ ಸಮೀಕ್ಷೆಗೆ ಮನೆ ಮನೆ ತಿರುಗಿದವರು ನಾವೇ. ಓಟಿನ ಕೆಲಸಕ್ಕೂ ನಾವೇ. ಅಲ್ಲೆಲ್ಲ ಯಾರೂ ಅರ್ಹತೆ ಕೇಳಲಿಲ್ಲ. ಆದರೆ ಪ್ರತಿಭಟನೆಗೆ ಹೋಗಿ ಬಂದ ಮೇಲೂ ರಾತ್ರಿ ಊಟವಾದ ಮೇಲೆ ಪುಸ್ತಕ ತೆಗೆಯುತ್ತೇನೆ. 150 ಪ್ರಶ್ನೆ, 150 ಅಂಕ. ಪಾಸಾಗಲು ಶೇ. 60 ಬೇಕು, ಅಂದರೆ 90. ಎಸ್‌ಸಿ, ಎಸ್‌ಟಿ, ಪ್ರವರ್ಗ-1 ಮತ್ತು ಅಂಗವಿಕಲರಿಗೆ ಶೇ. 55. ತಪ್ಪು ಉತ್ತರಕ್ಕೆ ಅಂಕ ಕಳೆಯೋದಿಲ್ಲ. ಮೊದಲ ಪೇಪರಿನಲ್ಲಿ ಮಕ್ಕಳ ಮನೋವಿಜ್ಞಾನ, ಎರಡು ಭಾಷೆ, ಗಣಿತ, ಪರಿಸರ ಅಧ್ಯಯನ, ಒಂದೊಂದಕ್ಕೂ 30. ಗಣಿತ, ಪರಿಸರ ದಿನಾ ಕಲಿಸುತ್ತೇನೆ, ಭಯವಿಲ್ಲ. ಮನೋವಿಜ್ಞಾನಿ ಪಿಯಾಜೆ ಹೇಳಿದ ಮಕ್ಕಳ ಬೆಳವಣಿಗೆಯ ನಾಲ್ಕು ಹಂತಗಳ ಹೆಸರು ಮಾತ್ರ ಬೆಳಿಗ್ಗೆ ಎದ್ದರೆ ಮರೆತುಹೋಗಿರುತ್ತದೆ. ನಿಮ್ಮ ಹತ್ತಿರ ಒಳ್ಳೇ ನೋಟ್ಸ್ ಇದ್ದರೆ ನಿಮ್ಮ ಶಾಲೆಯ ಹಿರಿಯರಿಗೆ ಕೊಡಿ. ಅವರಾಗಿ ಕೇಳಲು ನಾಚಿಕೊಳ್ಳುತ್ತಾರೆ.

ಆ ಪೋಷಕರು ಮತ್ತೆ ಬಂದಾಗ ಮಗುವಿನ ಹಳೇ ಟಿಸಿ ಕೇಳಿ. ಸ್ಯಾಟ್ಸ್‌ನಲ್ಲಿ ಬರೋ ಶಾಲೆಯ ಹೆಸರೂ ಟಿಸಿ ಮೇಲಿನ ಹೆಸರೂ ಒಂದೇನಾ ಅಂತ ನೋಡಿ. ಬೇರೆ ಬೇರೆ ಇದ್ದರೆ ಆವತ್ತೇ ಸಿಆರ್‌ಪಿಗೆ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ತಿಳಿಸಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಎಚ್‌ಎಂ ಸಹಿ ಹಾಕಿದ ಪತ್ರ ಕೊಟ್ಟು ಸ್ವೀಕೃತಿ ಪಡೆಯಿರಿ. ಅಲ್ಲೀವರೆಗೆ ಕಾಯಬೇಡಿ, ಮಗುವನ್ನು ಮೊದಲು ತರಗತಿಯಲ್ಲಿ ಕೂರಿಸಿ. ನಮ್ಮ ಆಟೋದವರ ಮಗಳು ಈಗ ಹೈಸ್ಕೂಲಿನಲ್ಲಿದ್ದಾಳೆ. ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದರೆ "ನಮಸ್ತೆ ಸರ್" ಅನ್ನುತ್ತಾಳೆ. ಅವರಪ್ಪ ಮಾತ್ರ ಇವತ್ತಿಗೂ ಅವಳ ಟಿಸಿಯ ನಾಲ್ಕು ಝೆರಾಕ್ಸ್ ಮನೆಯಲ್ಲಿ ಇಟ್ಟುಕೊಂಡಿದ್ದಾರೆ.