ಶನಿವಾರ ರಾತ್ರಿ ಬಾಟಲಿ, ರವಿವಾರ ಮುಂಜಾನಿ ಲಾಂಗ್ ರನ್: ಹೊಂದಿಸೋದು ಹೆಂಗ?

ನಮಸ್ಕಾರ್ರಿ ಅಣ್ಣಾರ. ನೀವು ಕೇಳಿದ್ದು ಇಷ್ಟು: ಆಗಸ್ಟ್‌ನಾಗ ಹೈದರಾಬಾದ್ ಮ್ಯಾರಥಾನ್‌ಗೆ ಹೋಗಿ ಹಾಫ್ (21 ಕಿಲೋಮೀಟರ್) ಓಡೋದದ. ಮಂಗಳವಾರ ಇಂಟರ್ವಲ್ (ಜೋರು ಓಟ, ನಡುವ ನಿಧಾನ), ಗುರುವಾರ ಟೆಂಪೊ (ಒಂದೇ ಸಮ ಜೋರು ಓಟ), ಶುಕ್ರವಾರ ಹಗುರ ಓಟ, ರವಿವಾರ ಲಾಂಗ್ ರನ್ (ವಾರದ ಎಲ್ಲಕ್ಕಿಂತ ದೂರದ ಓಟ). ಶನಿವಾರ ರಾತ್ರಿ ಗೆಳೆಯರ ಜೋಡಿ ಎರಡು ಸ್ಟ್ರಾಂಗ್ ಬಿಯರ್, ಇಲ್ಲಾ ಒಂದು ಕ್ವಾರ್ಟರ್ (180 ಮಿಲಿ ವಿಸ್ಕಿ, ರಮ್) ಆಗ್ತದ. ಮರುದಿನ ಐದೂವರಿಗೆ ಕಲಬುರಗಿಯ ಸೇಡಂ ರಸ್ತೆ ಹಿಡದ್ರ ಎಂಟನೇ ಕಿಲೋಮೀಟರಿಗೇ ಕಾಲು ಭಾರ, ಎದಿ ಬಡಿತ ಜೋರು. ಕುಡಿಯೋದು ಪೂರಾ ಬಿಡಬೇಕೇನು ಅಂತ ಪ್ರಶ್ನೆ. ಅದರ ಕೆಳಗ ಒಬ್ಬರು "ಓಡಿ ಬೆವರು ಹರಿಸ್ರಿ, ಎಲ್ಲಾ ಇಳೀತದ" ಅಂತ, ಇನ್ನೊಬ್ಬರು "ಬಿಯರ್ ಅಂದ್ರ ಕಾರ್ಬ್ ಲೋಡಿಂಗ್" (ಓಟದ ಮೊದಲು ಅನ್ನ, ರೊಟ್ಟಿಯಂಥ ಪಿಷ್ಟ ಮೈಗೆ ತುಂಬಿಸೋದು) ಅಂತ ಬರದಾರ. ಎರಡೂ ತಪ್ಪು. ಮೊದಲನೇದು ನಮ್ಮ ಬ್ಯಾಸಿಗ್ಯಾಗ ಅಪಾಯ ಸೈತ.

ಕುಡಿಯೋದು ಬಿಟ್ರ ಎಲ್ಲಕ್ಕಿಂತ ಛಲೋ. ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಾಗ ಸುರಕ್ಷಿತ ಪ್ರಮಾಣ ಅಂತ ಯಾವುದೂ ಇಲ್ಲ ಅಂತ ಸ್ಪಷ್ಟ ಹೇಳ್ಯದ, ಓಟಕ್ಕಂತೂ ಇದರಿಂದ ಏನೂ ಲಾಭ ಇಲ್ಲ. ಆದ್ರ ಬಿಡಂಗಿಲ್ಲ, ಕಡಿಮಿ ಮಾಡ್ತೀನಿ ಅನ್ನೋರಿಗೆ ನನ್ನ ಮಾತು ಒಂದೇ: ಮೊದಲು ಶನಿವಾರ ರಾತ್ರಿಯಿಂದ ಅದನ್ನ ತಗದು ರವಿವಾರ ಸಂಜಿಗೆ ಹಾಕ್ರಿ, ಆಮ್ಯಾಲ ಪ್ರಮಾಣ ಇಳಸ್ರಿ. ಅದೇ ಬಾಟಲಿ ಲಾಂಗ್ ರನ್ನಿನ ಹಿಂದಿನ ರಾತ್ರಿ ಮಾಡೋ ಹಾನಿಗೂ, ಓಡಿ, ಉಂಡು, ನೀರು ತುಂಬಿಸಿಕೊಂಡು ಹತ್ತು ತಾಸು ಆದ ಮ್ಯಾಲ ಮಾಡೋ ಹಾನಿಗೂ ಬಹಳ ಫರಕ್ ಅದ.

ಲೆಕ್ಕ ನೋಡ್ರಿ. ಬಾಟಲಿ ಎಣಿಸೋದು ಬಿಟ್ಟು ಗ್ರಾಂ ಎಣಿಸಬೇಕು. ಮಿಲಿಲೀಟರ್‌ನ್ನ ಶೇಕಡಾದಿಂದ ಗುಣಿಸಿ ನೂರರಿಂದ ಭಾಗಿಸಿ, ಬಂದದ್ದನ್ನ 0.79ರಿಂದ ಗುಣಿಸಿದ್ರ ಶುದ್ಧ ಆಲ್ಕೋಹಾಲ್ ಎಷ್ಟು ಗ್ರಾಂ ಅಂತ ಬರ್ತದ. ನಮ್ಮಲ್ಲಿ ಸಿಗೋ ವಿಸ್ಕಿ, ರಮ್, ಬ್ರಾಂದಿ ಸಾಮಾನ್ಯವಾಗಿ 42.8%. ಅಂದ್ರ 30 ಮಿಲಿ ಸಣ್ಣ ಪೆಗ್ಗಿಗೆ 10 ಗ್ರಾಂ, ನೈಂಟಿಗೆ (90 ಮಿಲಿ) 30, ಕ್ವಾರ್ಟರಿಗೆ 61. 650 ಮಿಲಿ ಬಿಯರ್ 5% ಇದ್ರ 26 ಗ್ರಾಂ, 8% ಇದ್ರ 41. ನಿಮ್ಮ ಎರಡು ಸ್ಟ್ರಾಂಗ್ ಬಿಯರ್ ಅಂದ್ರ 82 ಗ್ರಾಂ, ಕ್ವಾರ್ಟರಿಗಿಂತ ಹೆಚ್ಚು. "ಬಿಯರ್ ಅಷ್ಟೇ ಕುಡದೀನಿ" ಅನ್ನೋರು ಇದನ್ನ ಗಮನಿಸಬೇಕು.

70 ಕಿಲೋ ತೂಕದ ಗಂಡಸಿನ ಲಿವರ್ ತಾಸಿಗೆ ಸುಮಾರು 7 ಗ್ರಾಂ ಕರಗಿಸ್ತದ. ಕೆಲವರಿಗೆ 10ರ ತನಕ ಹೋಗ್ತದ, ಅದಕ್ಕಿಂತ ಹೆಚ್ಚು ನಂಬಬ್ಯಾಡ್ರಿ. ಚಹಾ, ನಿಂಬಿಹಣ್ಣು, ತಣ್ಣೀರು ಸ್ನಾನ, ಓಟ, ಯಾವುದರಿಂದಲೂ ಈ ವೇಗ ಏರಂಗಿಲ್ಲ. ಉಸಿರು, ಮೂತ್ರ, ಬೆವರು ಮೂರೂ ಕೂಡಿ ಹೊರಗ ಹಾಕೋದು ಹತ್ತರಾಗ ಒಂದು ಪಾಲಿಗಿಂತ ಕಡಿಮಿ, ಉಳದದ್ದೆಲ್ಲಾ ಲಿವರಿನ ಕೆಲಸ. ಹಂಗಾದ್ರ 82 ಗ್ರಾಂಗೆ ಹನ್ನೊಂದು ತಾಸಿನ ಮ್ಯಾಲ ಬೇಕು. ರಾತ್ರಿ ಒಂಬತ್ತಕ್ಕ ಶುರು ಮಾಡಿದ್ರ ರಕ್ತ ಪೂರಾ ಸ್ವಚ್ಛ ಆಗೋದು ಮುಂಜಾನಿ ಎಂಟರ ಮ್ಯಾಲ. ಐದಕ್ಕ ಎದ್ದು ಬೂಟಿನ ಲೇಸ್ ಕಟ್ಟುವಾಗ ರಕ್ತದಾಗ 100 ಮಿಲಿಗೆ ಸುಮಾರು 50 ಮಿಲಿಗ್ರಾಂ ಇನ್ನೂ ಇರ್ತದ. ಗಾಡಿ ಓಡಿಸೋಕ ಕಾನೂನಿನ ಮಿತಿ 30. ಅಂದ್ರ ಮನಿಯಿಂದ ಸ್ಟೇಡಿಯಂ ತನಕ ಬೈಕಿನ ಮ್ಯಾಲ ಬರೋದೇ ಅಪರಾಧ ಆಗ್ತದ, ನಿಮಗ ನಶೆ ಅನ್ನಿಸದಿದ್ರೂ. ಎಂಟನೇ ಕಿಲೋಮೀಟರಿಗೆ ಕಾಲು ಯಾಕ ನಿಲ್ತಾವ ಅನ್ನೋದಕ್ಕ ಅರ್ಧ ಉತ್ತರ ಇಲ್ಲೇ ಸಿಕ್ತು.

ಉಳಿದರ್ಧ ನಿದ್ದಿ, ನೀರು, ಸಕ್ಕರಿ. ಕುಡದ ರಾತ್ರಿ ಕಣ್ಣು ಬೇಗ ಮುಚ್ತಾವ ಖರೆ, ಆದ್ರ ಎರಡನೇ ಅರ್ಧ ರಾತ್ರಿ ನಿದ್ದಿ ಮ್ಯಾಲಿಂದ ಮ್ಯಾಲ ಒಡೀತದ, ನಾಡಿ ಕೆಳಗ ಇಳಿಯಂಗಿಲ್ಲ. ಮೂತ್ರ ಹಿಡಿದಿಡೋ ಹಾರ್ಮೋನನ್ನ ಆಲ್ಕೋಹಾಲ್ ತಡೀತದ, ಅದಕ್ಕ ಕುಡದಿದ್ದಕ್ಕಿಂತ ಹೆಚ್ಚು ನೀರು ಹೊರಗ ಹೋಗ್ತದ. ರಕ್ತದ ಪ್ರಮಾಣ ತಗ್ಗಿದ್ರ ಅದೇ ವೇಗಕ್ಕ ಎದಿ ಹೆಚ್ಚು ಸಲ ಬಡೀಬೇಕು. ಇನ್ನು ಸಕ್ಕರಿ: ಲಿವರ್ ಆಲ್ಕೋಹಾಲ್ ಕರಗಿಸೋದ್ರಾಗ ಇರುವಾಗ ಹೊಸ ಗ್ಲೂಕೋಸ್ ತಯಾರಿಸೋ ಕೆಲಸ ತಗ್ಗಿಸ್ತದ. ನೀವು ಖಾಲಿ ಹೊಟ್ಟ್ಯಾಗ ಓಡ್ತೀರಿ, ರಾತ್ರಿ ಊಟಕ್ಕ ಬದಲಿ ಮಿರ್ಚಿ ಭಜಿ, ಶೇಂಗಾ ತಿಂದಿರ್ತೀರಿ. ಗ್ಲೈಕೋಜನ್ (ಲಿವರ್, ಸ್ನಾಯುವಿನಾಗ ಕೂಡಿಟ್ಟ ಸಕ್ಕರಿ) ತುಂಬಿಲ್ಲ, ಹೊಸ ಗ್ಲೂಕೋಸ್ ಬರಂಗಿಲ್ಲ. ಕೈ ನಡುಗೋದು, ತಣ್ಣನ ಬೆವರು, ಕಣ್ಣಿಗೆ ಕತ್ತಲಿ ಬರೋದು ಅದಕ್ಕೇ.

ಕಾರ್ಬ್ ಲೋಡಿಂಗ್ ಮಾತಿಗೂ ಇದೇ ಉತ್ತರ. ಒಂದು ಬಾಟಲಿ ಬಿಯರಿನಾಗ ಸಾಮಾನ್ಯವಾಗಿ ಒಂದು ದೊಡ್ಡ ಜೋಳದ ರೊಟ್ಟಿಯಷ್ಟು ಕಾರ್ಬ್ ಸೈತ ಇರಂಗಿಲ್ಲ. ಅದರ ಕ್ಯಾಲೊರಿ ಬಹುಪಾಲು ಆಲ್ಕೋಹಾಲಿಂದು, ಗ್ರಾಂಗೆ 7. ಅದು ಸ್ನಾಯುವಿನಾಗ ಗ್ಲೈಕೋಜನ್ ಆಗಿ ಕೂಡಂಗಿಲ್ಲ.

ಈಗ ನಮ್ಮ ಊರಿನ ಹವಾ ಸೇರಿಸ್ರಿ. ಆಗಸ್ಟಿನ ಓಟಕ್ಕ ಹದಿನಾರು ವಾರದ ತಯಾರಿ ಅಂದ್ರ ಮೇ ಮೊದಲ ವಾರದಿಂದ. ಕಲಬುರಗಿಯಾಗ ಮೇ ಹಗಲು 40 ದಾಟಿರ್ತದ, ನಸುಕಿನ್ಯಾಗೂ ಸುಮಾರು 26 ಡಿಗ್ರಿ. ಬೆಂಗಳೂರಿನವರು ಬರದ ಸಲಹಿ ಓದಿ "ಒಂದೆರಡು ಬಿಯರ್ ಏನೂ ಆಗಂಗಿಲ್ಲ" ಅಂತ ಇಲ್ಲಿ ಓಡಬಾರದು. ನೀರು ಕಡಿಮಿ ಇದ್ದ ಮೈ ಬೆವರು ಕಡಿಮಿ ಮಾಡ್ತದ, ಮೈ ಒಳಗಿನ ಬಿಸಿ ಏರ್ತದ. ಇಂಥ ಮುಂಜಾನಿ ಬೆವರು ಇರಲಿ, ನಿಲ್ಲಲಿ, ಮೈ ಬಹಳ ಕಾದ್ರ, ಮಾತು ತಡವರಿಸಿದ್ರ, ದಿಕ್ಕು ತಪ್ಪಿದಂಗ ಆದ್ರ ಅದು ಉಷ್ಣಾಘಾತ. ಕೂಡಲೇ 108ಕ್ಕ ಫೋನ್ ಮಾಡ್ರಿ. ನೆರಳಿಗೆ ಒಯ್ದು, ಮೈ ಎಲ್ಲಾ ನೀರು ಹಾಕಿ, ಗಾಳಿ ಬೀಸಬೇಕು. ಎಚ್ಚರ ಇಲ್ಲದವರಿಗೆ ಬಾಯಾಗ ನೀರು ಹಾಕಬಾರದು.

ರವಿವಾರದ ಕ್ರಮ ಹಿಂಗ ಇಟ್ಟು ನೋಡ್ರಿ. ಶನಿವಾರ ರಾತ್ರಿ ಎಂಟರ ಒಳಗ ರೊಟ್ಟಿ, ಬ್ಯಾಳಿ, ಅನ್ನ ಊಟ, ಹತ್ತಕ್ಕ ನಿದ್ದಿ. ಐದಕ್ಕ ಓಟ, ಬಿಸಿಲು ಏರೋದ್ರೊಳಗ ಮುಗಸ್ರಿ. ಓಟದ ಮೊದಲು ಮತ್ತ ನಂತರ ಕಡಿಮಿ ಬಟ್ಟಿ ಮ್ಯಾಲ ತೂಕ ನೋಡ್ರಿ. ಕಡಿಮಿ ಆದ ಪ್ರತಿ ಕಿಲೋಕ್ಕ ಒಂದೂಕಾಲು ಲೀಟರಿಂದ ಒಂದೂವರಿ ಲೀಟರ್ ತನಕ ನೀರು, ಒಮ್ಮೆಲೇ ಅಲ್ಲ, ಮೂರ್ನಾಲ್ಕು ತಾಸಿನ್ಯಾಗ ಹಂಚಿ ಕುಡೀರಿ. ಅದರಾಗ ಒಂದು ಲೀಟರ್ ಓಆರ್‌ಎಸ್ ಆಗಲಿ, ಇಲ್ಲಾ ಉಪ್ಪು ಹಾಕಿದ ಮಜ್ಜಿಗಿ ಆಗಲಿ. ಓಆರ್‌ಎಸ್ ಪುಡಿ ತಗೋವಾಗ ಪೊಟ್ಟಣದ ಮ್ಯಾಲ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಅಂತ ಇದ್ದದ್ದನ್ನ ನೋಡಿ ತಗೋರಿ, 20.5 ಗ್ರಾಂ ಪೊಟ್ಟಣಕ್ಕ ಪೂರಾ ಒಂದು ಲೀಟರ್ ನೀರು. ಪುಡಿ ಇಲ್ಲದಿದ್ರ ಲೀಟರ್ ನೀರಿಗೆ ಆರು ಮಟ್ಟಸ ಟೀ ಚಮಚ ಸಕ್ಕರಿ, ಅರ್ಧ ಟೀ ಚಮಚ ಉಪ್ಪು.

ಓಟ ಮುಗಿದ ಒಂದು ತಾಸಿನ ಒಳಗ ಊಟ: ತೂಕದ ಪ್ರತಿ ಕಿಲೋಕ್ಕ ಒಂದು ಗ್ರಾಂ ಕಾರ್ಬ್, ಮ್ಯಾಲ 25 ಗ್ರಾಂ ಪ್ರೋಟೀನ್. ಎರಡು ದೊಡ್ಡ ರೊಟ್ಟಿ ಕಾರ್ಬಿಗೆ ಸಾಕು. ಎರಡು ತತ್ತಿಗೆ 12 ಗ್ರಾಂ, ಒಂದು ಬಟ್ಟಲು ತೊಗರಿ ಬ್ಯಾಳಿಗೆ 6ರಿಂದ 7, ಒಂದು ದೊಡ್ಡ ಗ್ಲಾಸ್ ಹಾಲಿಗೆ 8. ತತ್ತಿ ತಿನ್ನದವರು ಬ್ಯಾಳಿ ಎರಡು ಬಟ್ಟಲು ಮಾಡಿ, ಮೊಸರು, ಶೇಂಗಾ ಹಿಂಡಿ ಸೇರಿಸ್ಕೋರಿ.

ಬಾಟಲಿ ಮುಟ್ಟೋದಿದ್ರ ಸಂಜಿ ಆರೂವರಿಗೆ, ಮೂತ್ರ ತಿಳಿ ಹಳದಿ ಆದ ಮ್ಯಾಲ, ಏನರ ಉಂಡ ಮ್ಯಾಲ. ಮಿತಿ: 20 ಗ್ರಾಂ, ಅಂದ್ರ 60 ಮಿಲಿ ವಿಸ್ಕಿ, ರಮ್ ಇಲ್ಲಾ 500 ಮಿಲಿಯ 5% ಬಿಯರ್ ಕ್ಯಾನ್ ಒಂದು. ಎಷ್ಟೇ ಆದ್ರೂ ನೈಂಟಿ ದಾಟಬ್ಯಾಡ್ರಿ. ಏಳೂವರಿಗೆ ಮುಗಸ್ರಿ, ಯಾಕಂದ್ರ ಮಲಗೋಕಿಂತ ಮೊದಲು ಮೂರು ತಾಸರ ಸಿಗಬೇಕು. ಕಣ್ಣಳತಿ ಮ್ಯಾಲ ಹಾಕ್ಕೋಬ್ಯಾಡ್ರಿ, ಮನ್ಯಾಗ ಸುರುವಿದ ಪೆಗ್ 30 ಅಂದ್ರ 45 ಇರ್ತದ. 30-60ರ ಸ್ಟೀಲ್ ಅಳತಿ ಕಪ್ಪು ಕಡಿಮಿ ರೊಕ್ಕಕ್ಕ ಸಿಗ್ತದ. ಸೋಮವಾರ ಹೆಂಗೂ ವಿಶ್ರಾಂತಿ, ಮಂಗಳವಾರದ ಇಂಟರ್ವಲ್ಲಿಗೆ ಮೈ ತಯಾರ್ ಇರ್ತದ. ಹೆಣ್ಣುಮಕ್ಕಳಿಗೆ ಅದೇ ತೂಕಕ್ಕ ಅದೇ ಪ್ರಮಾಣ ಹೆಚ್ಚು ಏರ್ತದ, ಅವರು ಇದಕ್ಕಿಂತ ಕಡಿಮಿ ಇಡಬೇಕು.

ಓಟ ಮುಗಿದ ಕೂಡಲೇ ತಂಪು ಬಿಯರ್ ಒಡಿಯೋ ರೂಢಿ ನಮ್ಮ ಗುಂಪಿನ್ಯಾಗೂ ಬಂದದ. ಇದು ಬ್ಯಾಡ. 1997ರ ಒಂದು ಅಧ್ಯಯನದಾಗ ಬೆವರು ಹೋದ ಮ್ಯಾಲ ಕುಡದ ಪಾನೀಯದಾಗ 2% ತನಕ ಆಲ್ಕೋಹಾಲ್ ಇದ್ರ ನೀರು ತುಂಬೋಕ ಅಡ್ಡಿ ಕಾಣಲಿಲ್ಲ, 4% ಆದಾಗ ಮೂತ್ರ ಹೆಚ್ಚಾಗಿ ಚೇತರಿಕಿ ತಡ ಆಯ್ತು. ನಮ್ಮ ಬಿಯರ್ 5ರಿಂದ 8. ಇನ್ನ 2014ರಾಗ ಆಸ್ಟ್ರೇಲಿಯಾದವರು ಕಠಿಣ ವ್ಯಾಯಾಮದ ನಂತರ ತೂಕದ ಪ್ರತಿ ಕಿಲೋಕ್ಕ 1.5 ಗ್ರಾಂ ಆಲ್ಕೋಹಾಲ್ ಕೊಟ್ಟು ನೋಡಿದ್ರು. ಜೋಡಿ ಪ್ರೋಟೀನ್ ಕೊಟ್ರೂ ಸ್ನಾಯುವಿನ ಪ್ರೋಟೀನ್ ತಯಾರಿ 24% ಕುಸೀತು, ಬರೇ ಕಾರ್ಬ್ ಕೊಟ್ಟಾಗ 37%. 70 ಕಿಲೋಕ್ಕ ಅದು 105 ಗ್ರಾಂ. ನಿಮ್ಮ ಎರಡು ಸ್ಟ್ರಾಂಗ್ ಬಿಯರ್ ಅದರ ಸಮೀಪನೇ ಅದ, ಪರದೇಶದ ಮಾತು ಅಂತ ತಳ್ಳಿಹಾಕೋಕ ಬರಂಗಿಲ್ಲ.

ಮದುವಿ, ಜಾತ್ರಿ, ಹೋಳಿ ಅಂತ ಶನಿವಾರ ತಪ್ಪದಿದ್ರ? ಮೊದಲೇ ಗೊತ್ತಿದ್ರ ಲಾಂಗ್ ರನ್ ಶನಿವಾರ ನಸುಕಿಗೆ ತರ್ರಿ, ಶುಕ್ರವಾರದ ಹಗುರ ಓಟ ಬಿಡ್ರಿ. ಗೊತ್ತಿರದೇ ಆಗಿಹೋದ್ರ ರವಿವಾರ ಓಡಲೇಬ್ಯಾಡ್ರಿ, ಅರ್ಧ ದೂರ ಓಡ್ತೀನಿ ಅನ್ನೋದೂ ಬ್ಯಾಡ. ಸಂಜಿಗೂ ಬ್ಯಾಡ, ಮೇ ತಿಂಗಳ ಸಂಜಿ ಆರಕ್ಕ ಡಾಂಬರು ಇನ್ನೂ ಕಾದಿರ್ತದ. ಸೋಮವಾರ ನಸುಕಿಗೆ ಲಾಂಗ್ ರನ್, ಮಂಗಳವಾರ ವಿಶ್ರಾಂತಿ, ಬುಧವಾರ ಹಗುರ, ಗುರುವಾರ ಇಂಟರ್ವಲ್. ಆ ವಾರ ಟೆಂಪೊ ಕೈಬಿಡ್ರಿ. ಒಂದು ಟೆಂಪೊ ಹೋದ್ರ ಹಾಫ್ ಕೆಡಂಗಿಲ್ಲ, ಎರಡು ಕಠಿಣ ಓಟ ಒತ್ತಿ ಒತ್ತಿ ಹಾಕಿದ್ರ ಮೀನಖಂಡ ಹಿಡೀತದ.

ಸೋಮವಾರನೂ ಓಡಬೇಕೋ ಬ್ಯಾಡೋ ಅನ್ನೋದಕ್ಕ ಹಾಸಿಗಿಯಿಂದ ಏಳೋ ಮೊದಲು ಪೂರಾ ಒಂದು ನಿಮಿಷ ನಾಡಿ ಎಣಿಸ್ರಿ. ಕುಡಿಯದ ವಾರದ ಸರಾಸರಿ ಬರದಿಟ್ಟುಕೊಂಡಿರಬೇಕು. ಅದಕ್ಕಿಂತ ಎಂಟು-ಹತ್ತು ಹೆಚ್ಚಿದ್ರ ಬರೇ ನಡೀರಿ. ನಾಡಿ ತಾಳ ತಪ್ಪಿ ಬಡೀತಿದ್ರ ಅದು ಬ್ಯಾರೆ ವಿಷಯ: ಒಮ್ಮೆಲೇ ಹೆಚ್ಚು ಕುಡದ ಮ್ಯಾಲ ಎದಿಯ ಲಯ ಕೆಡೋದು ಡಾಕ್ಟರಿಗೆ ಗೊತ್ತಿರೋ ತೊಂದ್ರಿ, ಇಸಿಜಿ ಮಾಡಿಸ್ರಿ, ಓಡಿ ಪರೀಕ್ಷಿಸಬ್ಯಾಡ್ರಿ.

ತಲಿ ನೋವು, ಕಾಲು ನೋವು ಅಂತ ಗುಳಿಗಿ ನುಂಗಿ ಓಡೋರು ಇದ್ದಾರ. ಐಬುಪ್ರೊಫೆನ್, ಡೈಕ್ಲೋಫೆನಾಕ್ ಇವು ನೀರು ಕಡಿಮಿ ಇದ್ದ ಮೈಯಾಗ ಕಿಡ್ನಿಗೆ ಪೆಟ್ಟು ಕೊಡ್ತಾವ, ಆಲ್ಕೋಹಾಲ್ ಜೋಡಿ ಹೊಟ್ಟಿ ಒಳಗ ರಕ್ತ ಬರಸ್ತಾವ. ದಿನಾ ಬಾಟಲಿ ಹಿಡಿಯೋರ ಲಿವರಿಗೆ ಪ್ಯಾರಾಸಿಟಮಾಲ್ ಭಾರ. ಸಕ್ಕರಿ ಕಾಯಿಲಿಗೆ ಇನ್ಸುಲಿನ್ ಇಲ್ಲಾ ಗ್ಲಿಮೆಪಿರೈಡ್ ತಗೋಳ್ಳೋರು ಕುಡದ ಮರುದಿನ ಖಾಲಿ ಹೊಟ್ಟ್ಯಾಗ ಓಡಲೇಬಾರದು, ಸಕ್ಕರಿ ಕುಸಿದು ಬಿದ್ರೂ ನೋಡೋರು "ಕುಡದು ಬಿದ್ದಾನ" ಅಂತ ಬಿಟ್ಟು ಹೋಗ್ತಾರ. ಕಾಲು ಉಳುಕಿದ್ರ ಮೂರು ದಿನ ಒಂದು ಹನಿನೂ ಬ್ಯಾಡ, ಬಾವು ಏರ್ತದ.

ಯಾದಗಿರಿ, ಗಡಿ ಕಡೆಯವರು ಸೇಂದಿ (ಈಚಲ ಮರದ ಹೆಂಡ) ಬಗ್ಗಿ ಕೇಳೀರಿ. ಅದರಾಗ ಆಲ್ಕೋಹಾಲ್ ಎಷ್ಟದ ಅಂತ ಅಳತಿ ಇಲ್ಲ, ಮ್ಯಾಲ ಸಿಎಚ್ ಪೌಡರ್ ಅಂದ್ರ ಕ್ಲೋರಲ್ ಹೈಡ್ರೇಟ್ ಬೆರಕಿ ಈ ಭಾಗದಾಗ ಹೊಸದಲ್ಲ. ಅದು ನಿದ್ದಿ ಬರಸೋ ರಾಸಾಯನಿಕ, ಎದಿಯ ಲಯಕ್ಕೂ ಅಪಾಯ. ಅದಕ್ಕ ಮಿತಿ ಹೇಳೋಕ ಬರಂಗಿಲ್ಲ, ಮುಟ್ಟಬ್ಯಾಡ್ರಿ ಅಂತಷ್ಟೇ ಹೇಳಬಹುದು.

ಕೊನಿ ನಾಲ್ಕು ವಾರ ಪೂರಾ ಬಂದ್ ಇಡ್ರಿ. ಹೈದರಾಬಾದಿನ ದಾರ್ಯಾಗ ಫ್ಲೈಓವರ್ ಏರು ಬಹಳ, ಅಲ್ಲಿ ನಿದ್ದಿ ಸರಿ ಆದ ಕಾಲು ಬೇಕು. ಅಷ್ಟು ಕಷ್ಟ ಆದ್ರ ಕಡೇಪಕ್ಷ ಹತ್ತು ದಿನ.

ಇನ್ನೊಂದು ಮಾತು, ಇದು ನಿಮಗಲ್ಲ, ಓದೋ ಎಲ್ಲರಿಗೂ. ದಿನಾ ಕ್ವಾರ್ಟರ್ ಇಲ್ಲಾ ಅದಕ್ಕಿಂತ ಹೆಚ್ಚು ಕುಡಿಯೋರು ಓಟ ಶುರು ಮಾಡೋ ಹುರುಪಿನ್ಯಾಗ ಒಮ್ಮೆಲೇ ಬಿಡಬಾರದು. ಬಿಟ್ಟ ಆರು ತಾಸಿನಿಂದ ಎರಡು ದಿನದ ಒಳಗ ಕೈ ನಡುಕ, ಬೆವರು, ಫಿಟ್ಸ್ ತನಕ ಹೋಗಬಹುದು. ಡಾಕ್ಟರ್ ಕಡೆ ಹೋಗಿ ಗುಳಿಗಿ ಮ್ಯಾಲ ಇಳಿಸಬೇಕು. ಸರಕಾರದ ನಶಾ ಮುಕ್ತಿ ಸಹಾಯವಾಣಿ 14446, ಫೋನಿಗೆ ಖರ್ಚಿಲ್ಲ.

ಅಣ್ಣಾರ, ನಿಮ್ಮ ತೂಕ, ಕುಡಿಯದ ವಾರದ ಮುಂಜಾನಿ ನಾಡಿ, ಈಗಿನ ಲಾಂಗ್ ರನ್ ಎಷ್ಟು ಕಿಲೋಮೀಟರ್ ಅಂತ ಇಲ್ಲೇ ಕೆಳಗ ಬರೀರಿ. ಮೇ, ಜೂನಿನ ವಾರದ ಪಟ್ಟಿ ಅದರ ಮ್ಯಾಲ ಹಾಕಿಕೊಡ್ತೀನಿ.